ನರಬೇನೆಯ ಜೊತೆಗೆ ಖಿನ್ನತೆ: ಹೊಂದುವ ಔಷಧಿಯ ಹುಡುಕಾಟ

ಬೇಡ್ತಿ ನದಿ ಕಣಿವೆಗೆ ಧುಮುಕುವ ಮಾಗೋಡು ನಾಡಿನ ಬಹುತೇಕರಿಗೆ ಒಂದು ಜಲಪಾತದ ಹೆಸರು. ಯಲ್ಲಾಪುರದಿಂದ ಸುಮಾರು 20 ಕಿ.ಮೀ. ದೂರದ ಈ ಊರಿನ ಜನರಿಗೂ, ಶಿರಸಿ, ಸಿದ್ದಾಪುರ ಸೀಮೆಯ ಇಂಥ ಅನೇಕ ಊರುಗಳ ಅಡಿಕೆ ಬೆಳೆಗಾರರು ಮತ್ತು ಕೂಲಿಕಾರರಿಗೂ ನರರೋಗ ತಜ್ಞರೆಂದರೆ ಹುಬ್ಬಳ್ಳಿ, ಧಾರವಾಡ, ಶಿವಮೊಗ್ಗ ಅಥವಾ ಮಣಿಪಾಲ. ಯಲ್ಲಾಪುರದಿಂದ ಹುಬ್ಬಳ್ಳಿಗೇ ಸುಮಾರು 70 ಕಿ.ಮೀ. ಒಮ್ಮೆ ತೋರಿಸಿ ಚೀಟಿ ಬರೆಸಿಕೊಂಡು ಅದನ್ನೇ ವರ್ಷಗಟ್ಟಲೆ ನುಂಗುವ, ಇಲ್ಲವೇ ಹತ್ತೇ ದಿನಕ್ಕೆ ಕೈಬಿಡುವ ರೂಢಿ ಇಂಥ ದೂರದಿಂದ ಹುಟ್ಟುತ್ತದೆ.

ದೀರ್ಘಕಾಲದ ನರಬೇನೆಯೊಂದಿಗೆ ಖಿನ್ನತೆಯೂ ಸೇರಿದಾಗ ಈ ರೂಢಿ ದುಬಾರಿಯಾಗುತ್ತದೆ. ಯಾವ ಖಿನ್ನತೆ ನಿವಾರಕ ಯಾರಿಗೆ ಹೊಂದುತ್ತದೆ ಎಂಬುದನ್ನು ಮೊದಲ ಭೇಟಿಯಲ್ಲೇ ಖಚಿತವಾಗಿ ಹೇಳಬಲ್ಲ ರಕ್ತಪರೀಕ್ಷೆ ಇನ್ನೂ ಇಲ್ಲ. ಒಂದು ಔಷಧಿಯನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ದಿನ ಕೊಟ್ಟು ನೋಡಿ, ಹೊಂದದಿದ್ದರೆ ಇನ್ನೊಂದಕ್ಕೆ ಹೋಗುವುದೇ ಇಂದಿಗೂ ವೈದ್ಯಶಾಸ್ತ್ರದ ಕ್ರಮ. ಆದುದರಿಂದ ಸರಿಯಾದ ಔಷಧಿ ಸಿಗುವುದು ಮಾತ್ರೆಯ ಹೆಸರಿಗಿಂತ ಹೆಚ್ಚಾಗಿ ಮರುಭೇಟಿಗಳನ್ನೂ ರೋಗಿ ಇಡುವ ಲೆಕ್ಕವನ್ನೂ ಅವಲಂಬಿಸಿದೆ.

ಎರಡು ಕಾಯಿಲೆಗಳ ನಂಟು

ಸಾಮಾನ್ಯ ನೋವಿನಲ್ಲಿ ಪೆಟ್ಟು ಬಿದ್ದ ಜಾಗದ ಸುದ್ದಿಯನ್ನು ನರ ಮೆದುಳಿಗೆ ಒಯ್ಯುತ್ತದೆ. ನರಬೇನೆಯಲ್ಲಿ ಕೆಟ್ಟಿರುವುದು ಸುದ್ದಿ ಒಯ್ಯುವ ನರವೇ. ಪೆಟ್ಟಿಲ್ಲದಿದ್ದರೂ ಉರಿ, ಜೋಮು, ಸೂಜಿ ಚುಚ್ಚಿದಂತಹ ಅಥವಾ ವಿದ್ಯುತ್ ಹೊಡೆದಂತಹ ಸೆಳೆತ ಕಾಣಿಸಿಕೊಳ್ಳುತ್ತದೆ. ಹೊದಿಕೆ ತಾಗಿದರೂ ಸಹಿಸಲಾಗದ ಸ್ಥಿತಿ ಬರಬಹುದು. ಸಕ್ಕರೆ ಕಾಯಿಲೆ, ಸರ್ಪಸುತ್ತಿನ ನಂತರ ಉಳಿಯುವ ನೋವು, ಮುಖದ ನರಶೂಲೆ, ಕುಷ್ಠದಿಂದಾದ ನರಹಾನಿ ಮತ್ತು ಬೆನ್ನುಹುರಿಯ ಗಾಯ ಇದರ ಪರಿಚಿತ ಕಾರಣಗಳು. ಅಡಿಕೆ ಸೀಮೆಯಲ್ಲಿ ಕೊನೆಯ ಕಾರಣಕ್ಕೆ ಬೇರೆಯೇ ತೂಕವಿದೆ. ಕೊನೆ ಕೊಯ್ಯುವಾಗ ಅಥವಾ ಬೋರ್ಡೋ ದ್ರಾವಣ ಸಿಂಪಡಿಸುವಾಗ ಮರದಿಂದ ಬಿದ್ದು ಬೆನ್ನುಹುರಿಗೆ ಏಟಾದವರಲ್ಲಿ ನೋವು ಜೀವನಪರ್ಯಂತ ಉಳಿಯಬಹುದು.

ನೋವಿನಿಂದ ನಿದ್ರೆ ಕೆಡುತ್ತದೆ, ಕೆಲಸ ನಿಲ್ಲುತ್ತದೆ, ಮನಸ್ಸು ಕುಗ್ಗುತ್ತದೆ. ಕುಗ್ಗಿದ ಮನಸ್ಸಿಗೆ ಅದೇ ನೋವು ಇಮ್ಮಡಿಯಾಗಿ ತೋರುತ್ತದೆ. ಇದಕ್ಕೆ ದೇಹದೊಳಗಿನ ಕಾರಣವೂ ಇದೆ. ಮೆದುಳಿನ ಕಾಂಡದಿಂದ ಬೆನ್ನುಹುರಿಗೆ ಇಳಿಯುವ ಕೆಲವು ನರಮಾರ್ಗಗಳು ಕೆಳಗಿನಿಂದ ಬರುವ ನೋವಿನ ಸಂಕೇತಗಳನ್ನು ತಗ್ಗಿಸುತ್ತವೆ. ಈ ಮಾರ್ಗಗಳು ಬಳಸುವ ಮುಖ್ಯ ರಾಸಾಯನಿಕಗಳಾದ ಸೆರೊಟೋನಿನ್ ಮತ್ತು ನಾರ್‌ಅಡ್ರಿನಲಿನ್‌ಗಳ ಮೇಲೆಯೇ ಖಿನ್ನತೆ ನಿವಾರಕಗಳೂ ಕೆಲಸ ಮಾಡುತ್ತವೆ. ನೋವನ್ನು ತಗ್ಗಿಸುವುದರಲ್ಲಿ ನಾರ್‌ಅಡ್ರಿನಲಿನ್‌ನ ಪಾಲು ಹೆಚ್ಚು.

ಹೀಗಾಗಿ ನರಬೇನೆಗೆ ಖಿನ್ನತೆಯ ಮಾತ್ರೆ ಬರೆದರೆ "ನನ್ನ ನೋವನ್ನು ವೈದ್ಯರು ಮನಸ್ಸಿನ ಭ್ರಮೆ ಎಂದುಕೊಂಡರು" ಎಂದು ನೊಂದುಕೊಳ್ಳಬೇಕಾಗಿಲ್ಲ. ಮಿಚೆಲ್ ಮ್ಯಾಕ್ಸ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ನರಬೇನೆಯವರ ಮೇಲೆ ನಡೆಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮಿಟ್ರಿಪ್ಟಿಲಿನ್ ಔಷಧಿಯು ಖಿನ್ನತೆ ಇದ್ದವರಲ್ಲಿಯೂ ಇಲ್ಲದವರಲ್ಲಿಯೂ ನೋವನ್ನು ತಗ್ಗಿಸಿತ್ತು.

ಮಾತ್ರೆಗೆ ಮುನ್ನ

ಖಿನ್ನತೆ ನಿವಾರಕ ಆರಂಭಿಸುವ ಮೊದಲು ನರಹಾನಿಯ ಕಾರಣವನ್ನು ಹುಡುಕಬೇಕು. ಕೆಲವು ಕಾರಣಗಳನ್ನು ಸರಿಪಡಿಸಬಹುದು. ವಿಟಮಿನ್ ಬಿ12ರ ಕೊರತೆ ಇದಕ್ಕೆ ಉತ್ತಮ ಉದಾಹರಣೆ. ಅದು ಕೈಕಾಲುಗಳ ಜೋಮನ್ನೂ ತರುತ್ತದೆ, ಮನಸ್ಸಿನ ಮಂಕನ್ನೂ ತರಬಲ್ಲದು. ಸಸ್ಯಾಹಾರಿಗಳಲ್ಲಿ ಈ ಕೊರತೆಯ ಸಾಧ್ಯತೆ ಹೆಚ್ಚು. ಸಕ್ಕರೆ ಕಾಯಿಲೆಗೆ ನೀಡುವ ಮೆಟ್‌ಫಾರ್ಮಿನ್ ದೀರ್ಘಕಾಲದಲ್ಲಿ ಬಿ12 ಮಟ್ಟವನ್ನು ಇಳಿಸಬಹುದು. ಹೀಗೆ ಹಲವು ವರ್ಷಗಳಿಂದ ಮೆಟ್‌ಫಾರ್ಮಿನ್ ನುಂಗುತ್ತಿರುವ ಸಸ್ಯಾಹಾರಿಯ ಕಾಲುರಿಗೆ ಸಕ್ಕರೆಯೊಂದೇ ಹೊಣೆಯೆಂದು ತೀರ್ಮಾನಿಸಲಾಗದು.

ಥೈರಾಯ್ಡ್ ಗ್ರಂಥಿಯ ಮಂದಗತಿಯೂ ಎರಡೂ ಲಕ್ಷಣಗಳನ್ನು ತರಬಲ್ಲದು. ಕ್ಷಯಕ್ಕೆ ನೀಡುವ ಐಸೊನಿಯಜಿಡ್ ನರಗಳನ್ನು ಕೆಡಿಸಬಹುದು. ಅದನ್ನು ತಡೆಯಲು ವಿಟಮಿನ್ ಬಿ6 ಕೊಡುವುದುಂಟು. ಮದ್ಯಪಾನ ನರವನ್ನೂ ಮನಸ್ಸನ್ನೂ ಒಟ್ಟಿಗೆ ಹಾಳುಮಾಡುತ್ತದೆ. ಚರ್ಮದಲ್ಲಿ ಸ್ಪರ್ಶಜ್ಞಾನವಿಲ್ಲದ ಮಚ್ಚೆಯಿದ್ದರೆ ಕುಷ್ಠದ ತಪಾಸಣೆ ಆಗಲೇಬೇಕು. ಬಹು ಔಷಧಿ ಚಿಕಿತ್ಸೆಯಿಂದ ಕುಷ್ಠ ಗುಣವಾಗುತ್ತದೆ. ತಡವಾದರೆ ನರಹಾನಿ ಮಾತ್ರ ಉಳಿದುಬಿಡುತ್ತದೆ.

ಖಿನ್ನತೆಯನ್ನು ಅಳೆಯುವಲ್ಲಿಯೂ ಎಚ್ಚರ ಬೇಕು. ವೈದ್ಯರು ಬಳಸುವ ಪಿಎಚ್‌ಕ್ಯೂ-9 ಎಂಬ 9 ಪ್ರಶ್ನೆಗಳ ಪಟ್ಟಿಗೆ ಗರಿಷ್ಠ 27 ಅಂಕ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದಿನ ಪರೀಕ್ಷೆ ಅಗತ್ಯ. ಆದರೆ ನಿದ್ರಾಭಂಗ, ಆಯಾಸ, ಹಸಿವಿನ ಏರುಪೇರು ನರಬೇನೆಯಿಂದಲೂ ಬರುತ್ತವೆ. ಮೊದಲು ಇಷ್ಟವಾಗುತ್ತಿದ್ದ ಸಂಗತಿಗಳಲ್ಲಿ ಆಸಕ್ತಿ ಉಡುಗಿದೆಯೇ, ತಾನು ಮನೆಗೆ ಭಾರವೆಂಬ ಭಾವನೆ ಮೂಡಿದೆಯೇ, ಬದುಕು ಬೇಡವೆನಿಸಿದೆಯೇ ಎಂಬ ಪ್ರಶ್ನೆಗಳಿಗೆ ರೋಗಿ ನೀಡುವ ಉತ್ತರ ಇಲ್ಲಿ ಹೆಚ್ಚು ಮುಖ್ಯ. ಕುಟುಂಬದಲ್ಲಿ ಯಾರಿಗಾದರೂ ಅತಿಯಾದ ಉತ್ಸಾಹ ಮತ್ತು ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆ ಇದ್ದರೆ ಅದನ್ನೂ ಮುಚ್ಚಿಡಬಾರದು. ಅಂಥವರಲ್ಲಿ ಖಿನ್ನತೆ ನಿವಾರಕವನ್ನೊಂದೇ ಕೊಟ್ಟರೆ ಉನ್ಮಾದ ಕೆರಳಬಹುದು.

ಔಷಧಿಗಳ ಗುಂಪುಗಳು

ಟ್ರೈಸೈಕ್ಲಿಕ್ ಗುಂಪು: ಇವು ಹಳೆಯವು. ಸ್ವಿಟ್ಜರ್ಲೆಂಡಿನ ಮನೋವೈದ್ಯ ರೋಲಂಡ್ ಕೂನ್ ಇಮಿಪ್ರಮಿನ್‌ನ ಪರಿಣಾಮವನ್ನು 1957ರಲ್ಲಿ ವರದಿ ಮಾಡಿದರು. ಅಮಿಟ್ರಿಪ್ಟಿಲಿನ್ 1960ರ ದಶಕದ ಆರಂಭದಲ್ಲಿ ಬಳಕೆಗೆ ಬಂದಿತು. ನಾರ್‌ಟ್ರಿಪ್ಟಿಲಿನ್ ಇದೇ ಗುಂಪಿನದು, ತುಸು ಸೌಮ್ಯ. ಇವು ಅಗ್ಗ, ನಿದ್ರೆ ತರುತ್ತವೆ, ನರಬೇನೆಗೆ ಪರಿಣಾಮಕಾರಿ. ಬಾಯಿ ಒಣಗುವುದು, ಮಲಬದ್ಧತೆ, ಮಂಪರು, ತೂಕ ಏರಿಕೆ, ಎದ್ದು ನಿಂತಾಗ ತಲೆಸುತ್ತು ಇವುಗಳ ತೊಂದರೆಗಳು. ಪ್ರಾಸ್ಟೇಟ್ ಊತದಿಂದ ಮೂತ್ರ ಕಟ್ಟುವವರಿಗೆ, ಕೆಲವು ಬಗೆಯ ಗ್ಲಾಕೋಮ ಇರುವವರಿಗೆ, ಹೃದಯದ ಲಯ ತಪ್ಪಿದವರಿಗೆ ಇವು ಸಾಮಾನ್ಯವಾಗಿ ಸಲ್ಲವು. ವಯಸ್ಸಾದವರಲ್ಲಿ ಮೊದಲು ಇಸಿಜಿ ಮಾಡಿಸುವುದು ಒಳ್ಳೆಯದು. ಹೆಚ್ಚು ಮಾತ್ರೆ ಒಮ್ಮೆಲೇ ನುಂಗಿದರೆ ಪ್ರಾಣಾಪಾಯವಿರುವುದರಿಂದ ಆತ್ಮಹತ್ಯೆಯ ಯೋಚನೆ ಇರುವವರ ಕೈಗೆ ತಿಂಗಳುಗಟ್ಟಲೆಯ ದಾಸ್ತಾನು ಕೊಡಬಾರದು.

ಎಸ್‌ಎನ್‌ಆರ್‌ಐ ಗುಂಪು: ಡುಲೊಕ್ಸಿಟಿನ್ ಮತ್ತು ವೆನ್ಲಾಫ್ಯಾಕ್ಸಿನ್ ಇದರಲ್ಲಿ ಪ್ರಮುಖ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಡುಲೊಕ್ಸಿಟಿನ್‌ಗೆ 2004ರಲ್ಲಿ ಖಿನ್ನತೆಗೂ ಸಕ್ಕರೆ ಕಾಯಿಲೆಯ ನರಬೇನೆಗೂ ಒಪ್ಪಿಗೆ ನೀಡಿತು. ಒಂದೇ ಪ್ರಮಾಣದಲ್ಲಿ ಎರಡಕ್ಕೂ ಕೆಲಸ ಮಾಡುವುದು ಇದರ ಅನುಕೂಲ. ಮೊದಲ ವಾರಗಳಲ್ಲಿ ವಾಕರಿಕೆ ಸಾಮಾನ್ಯ. ಊಟದ ಜೊತೆ ತೆಗೆದುಕೊಂಡರೆ ಕಡಿಮೆ. ಯಕೃತ್ತಿನ ಕಾಯಿಲೆ, ಅತಿ ಮದ್ಯಪಾನ ಅಥವಾ ತೀವ್ರ ಮೂತ್ರಪಿಂಡ ವೈಫಲ್ಯ ಇರುವವರಿಗೆ ಇದನ್ನು ಕೊಡುವುದಿಲ್ಲ. ಈ ಗುಂಪಿನ ಔಷಧಿಗಳಲ್ಲಿ ರಕ್ತದೊತ್ತಡದ ಮೇಲೆ ಕಣ್ಣಿಡಬೇಕು. ವೆನ್ಲಾಫ್ಯಾಕ್ಸಿನ್ ಕಡಿಮೆ ಪ್ರಮಾಣದಲ್ಲಿ ನೋವಿಗೆ ಅಷ್ಟಾಗಿ ನಾಟುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ ದಿನಕ್ಕೆ 150 ಮಿ.ಗ್ರಾಂ. ಅಥವಾ ಹೆಚ್ಚು ಬೇಕು.

ಎಸ್‌ಎಸ್‌ಆರ್‌ಐ ಗುಂಪು: ಫ್ಲುಒಕ್ಸಿಟಿನ್, ಸರ್ಟ್ರಾಲಿನ್, ಎಸಿಟಾಲೊಪ್ರಾಮ್ ಮುಂತಾದವು. ಖಿನ್ನತೆಗೆ ಉತ್ತಮ, ಹೃದಯಕ್ಕೆ ಟ್ರೈಸೈಕ್ಲಿಕ್‌ಗಿಂತ ಸುರಕ್ಷಿತ. ಆದರೆ ನರಬೇನೆಯನ್ನು ತಗ್ಗಿಸುವ ಶಕ್ತಿ ಕಡಿಮೆ. ಮನಸ್ಸು ಹಗುರಾಗಿ ನೋವು ಹಾಗೆಯೇ ಉಳಿದಿದ್ದರೆ ಕಾರಣ ಇದಿರಬಹುದು.

ಮಿರ್ಟಜಪಿನ್: ನಿದ್ರೆ ಮತ್ತು ಹಸಿವು ಕಳೆದುಕೊಂಡು ಸೊರಗಿದವರಿಗೆ ಉಪಯುಕ್ತ. ತೂಕ ಏರಿಸುವುದರಿಂದ ಸಕ್ಕರೆ ಕಾಯಿಲೆಯವರಲ್ಲಿ ಯೋಚಿಸಿ ಕೊಡಬೇಕಾಗುತ್ತದೆ.

ನರಬೇನೆಯ ಔಷಧಿಗಳ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಲ್ಯಾನ್ಸೆಟ್ ನ್ಯೂರಾಲಜಿ ಪತ್ರಿಕೆ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಒಂದು ಉಪಯುಕ್ತ ಅಂದಾಜು ಕೊಡುತ್ತದೆ. ಒಬ್ಬ ರೋಗಿಯ ನೋವು ಅರ್ಧದಷ್ಟು ಇಳಿಯಬೇಕಾದರೆ ಎಷ್ಟು ಮಂದಿಗೆ ಔಷಧಿ ಕೊಡಬೇಕು ಎಂಬ ಲೆಕ್ಕ ಅದು. ಟ್ರೈಸೈಕ್ಲಿಕ್‌ಗೆ 3.6, ಎಸ್‌ಎನ್‌ಆರ್‌ಐ ಗುಂಪಿಗೆ 6.4, ಪ್ರೆಗಾಬಲಿನ್‌ಗೆ 7.7. ಅತ್ಯುತ್ತಮವೆನಿಸಿದ ಗುಂಪಿನಲ್ಲಿಯೂ ಎಲ್ಲರಿಗೂ ಗುಣ ಕಾಣದು ಎಂಬುದು ಇದರ ಸಾರ. ಖಿನ್ನತೆಯ ವಿಷಯದಲ್ಲಿ 21 ಔಷಧಿಗಳ 522 ಪ್ರಯೋಗಗಳನ್ನು ಹೋಲಿಸಿದ 2018ರ ಲ್ಯಾನ್ಸೆಟ್ ವರದಿಯಲ್ಲಿ ಎಲ್ಲವೂ ಹುಸಿಮಾತ್ರೆಗಿಂತ ಮೇಲೆನಿಸಿದವು. ಅವುಗಳ ನಡುವಿನ ಅಂತರ ಮಾತ್ರ ಸಣ್ಣದು. ಅಂದಮೇಲೆ ಆಯ್ಕೆಯನ್ನು ನಿರ್ಧರಿಸುವುದು ರೋಗಿಯ ವಯಸ್ಸು, ಹೃದಯ, ಮೂತ್ರಪಿಂಡ, ನಿದ್ರೆ, ತೂಕ ಮತ್ತು ಈಗಾಗಲೇ ನುಂಗುತ್ತಿರುವ ಇತರ ಔಷಧಿಗಳು.

ಪ್ರಮಾಣದ ಗೊಂದಲ

ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ನರಬೇನೆಗೆಂದು ಅಮಿಟ್ರಿಪ್ಟಿಲಿನ್ ಅನ್ನು ರಾತ್ರಿ 10 ಮಿ.ಗ್ರಾಂ.ನಿಂದ ಆರಂಭಿಸಿ ನಿಧಾನವಾಗಿ ಏರಿಸುತ್ತಾರೆ. ಅನೇಕರಿಗೆ 25ರಿಂದ 75 ಮಿ.ಗ್ರಾಂ.ನಲ್ಲಿ ನೋವು ತಗ್ಗುತ್ತದೆ. ಖಿನ್ನತೆಗೆ ಬೇಕಾಗುವ ಪ್ರಮಾಣ ಸಾಮಾನ್ಯವಾಗಿ 75ರಿಂದ 150 ಮಿ.ಗ್ರಾಂ. 10 ಮಿ.ಗ್ರಾಂ. ನುಂಗುತ್ತ "ಖಿನ್ನತೆಯ ಮಾತ್ರೆ ತೆಗೆದುಕೊಂಡರೂ ಮನಸ್ಸು ಸರಿಯಾಗಲಿಲ್ಲ" ಎನ್ನುವ ರೋಗಿಗೆ ಖಿನ್ನತೆಯ ಚಿಕಿತ್ಸೆ ಇನ್ನೂ ಆರಂಭವೇ ಆಗಿರುವುದಿಲ್ಲ. ಪ್ರಮಾಣ ಏರಿಸಲು ವಯಸ್ಸು ಅಥವಾ ಹೃದಯ ಅಡ್ಡಬಂದರೆ ವೈದ್ಯರು ಗುಂಪನ್ನೇ ಬದಲಿಸಬೇಕಾಗುತ್ತದೆ. ಈ ಏರಿಳಿತ ವೈದ್ಯರ ಕೆಲಸ; ರೋಗಿ ತಾನೇ ಮಾಡಿಕೊಳ್ಳತಕ್ಕದ್ದಲ್ಲ.

ಈಗಾಗಲೇ ನುಂಗುತ್ತಿರುವ ಮಾತ್ರೆಗಳು

ನರಬೇನೆಯವರು ಬರಿಗೈಯಲ್ಲಿ ಮನೋವೈದ್ಯರ ಬಳಿ ಹೋಗುವುದು ಅಪಾಯಕರ. ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಜೊತೆಗಿರಬೇಕು. ಮುಖ್ಯ ಎಚ್ಚರಿಕೆಗಳು ಹೀಗಿವೆ.

ನೋವಿಗೆ ಕೊಡುವ ಟ್ರಮಡಾಲ್ ಖಿನ್ನತೆ ನಿವಾರಕದೊಂದಿಗೆ ಸೇರಿದರೆ ಸೆರೊಟೋನಿನ್ ಮಿತಿಮೀರಿ ಜ್ವರ, ನಡುಕ, ಗೊಂದಲ, ಸ್ನಾಯು ಬಿಗಿತ ಕಾಣಿಸಬಹುದು. ಅಪಸ್ಮಾರದ ಅಪಾಯವೂ ಇದೆ. ಔಷಧಿಗೆ ಜಗ್ಗದ ಕ್ಷಯಕ್ಕೆ ಬಳಸುವ ಲಿನೆಜೋಲಿಡ್‌ಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಮುಖದ ನರಶೂಲೆಗೆ ಮೊದಲ ಆಯ್ಕೆಯಾದ ಕಾರ್ಬಮಜೆಪಿನ್ ಯಕೃತ್ತನ್ನು ಚುರುಕುಗೊಳಿಸಿ ಅನೇಕ ಖಿನ್ನತೆ ನಿವಾರಕಗಳ ಮಟ್ಟವನ್ನು ರಕ್ತದಲ್ಲಿ ಇಳಿಸಿಬಿಡುತ್ತದೆ. ಅದೂ ಎಸ್‌ಎಸ್‌ಆರ್‌ಐ ಗುಂಪಿನವೂ ರಕ್ತದ ಸೋಡಿಯಂ ಅನ್ನು ತಗ್ಗಿಸಬಲ್ಲವು. ವೃದ್ಧರಲ್ಲಿ ಇದ್ದಕ್ಕಿದ್ದಂತೆ ಗೊಂದಲ ಕಂಡರೆ ಸೋಡಿಯಂ ಪರೀಕ್ಷಿಸಬೇಕು.

ಫ್ಲುಒಕ್ಸಿಟಿನ್ ಮತ್ತು ಪ್ಯಾರೊಕ್ಸಿಟಿನ್ ಇದಕ್ಕೆ ವಿರುದ್ಧ. ಜೊತೆಗಿರುವ ಟ್ರೈಸೈಕ್ಲಿಕ್ ಔಷಧಿಯ ಮಟ್ಟವನ್ನು ಅವು ಏರಿಸುತ್ತವೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದ ನೋವಿನ ಮಾತ್ರೆಗಳ ಜೊತೆ ಎಸ್‌ಎಸ್‌ಆರ್‌ಐ ಸೇರಿದರೆ ಜಠರದ ರಕ್ತಸ್ರಾವದ ಸಾಧ್ಯತೆ ಹೆಚ್ಚುತ್ತದೆ. ಹಾಗೆ ನೋಡಿದರೆ ಈ ನೋವಿನ ಮಾತ್ರೆಗಳಿಂದ ನರಬೇನೆಗೆ ಹೆಚ್ಚಿನ ಪ್ರಯೋಜನವೂ ಇಲ್ಲ.

ಗ್ಯಾಬಪೆಂಟಿನ್, ಪ್ರೆಗಾಬಲಿನ್ ಖಿನ್ನತೆ ನಿವಾರಕಗಳಲ್ಲ. ಅವುಗಳ ಮಂಪರಿಗೆ ಅಮಿಟ್ರಿಪ್ಟಿಲಿನ್‌ನ ಮಂಪರು ಸೇರಿದರೆ ಬೀಳುವ ಅಪಾಯ ಇಮ್ಮಡಿ. ಮೂತ್ರಪಿಂಡ ದುರ್ಬಲವಾಗಿದ್ದರೆ ಪ್ರಮಾಣ ಇಳಿಸಬೇಕು. ಮರವೇರುವವರು, ವಾಹನ ನಡೆಸುವವರು ಹೊಸ ಔಷಧಿ ಅಥವಾ ಹೊಸ ಪ್ರಮಾಣಕ್ಕೆ ದೇಹ ಒಗ್ಗುವವರೆಗೆ ಆ ಕೆಲಸದಿಂದ ದೂರವಿರಬೇಕು.

ಅಭ್ಯಾಸಗಳನ್ನೂ ಹೇಳಬೇಕು. ಬೀಡಿ ಅಥವಾ ಸಿಗರೇಟಿನ ಹೊಗೆ ಡುಲೊಕ್ಸಿಟಿನ್‌ನ ಮಟ್ಟವನ್ನು ಸುಮಾರು ಮೂರನೆಯ ಒಂದು ಭಾಗದಷ್ಟು ಇಳಿಸುತ್ತದೆ. ಕವಳ ಹಾಕುವ ಅಭ್ಯಾಸ ಮಲೆನಾಡಿನಲ್ಲಿ ವ್ಯಾಪಕ. ಅಡಿಕೆಯಲ್ಲಿರುವ ಅರೆಕೊಲಿನ್ ಲಾಲಾರಸ ಹೆಚ್ಚಿಸುವಂಥದು. ಟ್ರೈಸೈಕ್ಲಿಕ್ ಅದೇ ನರಗ್ರಾಹಕಗಳನ್ನು ತಡೆಯುವಂಥದು. ಬಾಯಿ ಒಣಗುತ್ತದೆಂದು ಕವಳ ಹೆಚ್ಚಿಸುವುದು ಪರಿಹಾರವಲ್ಲ. ಬಾಯಿಯ ಕ್ಯಾನ್ಸರಿನ ಅಪಾಯ ಅಡಿಕೆಯಲ್ಲಿ ಮೊದಲೇ ಇದೆ.

ಎಷ್ಟು ದಿನ ಕಾಯಬೇಕು

ಅಡ್ಡಪರಿಣಾಮ ಮೊದಲ ದಿನವೇ ಕಾಣುತ್ತದೆ, ಗುಣ ವಾರಗಳ ನಂತರ. ಔಷಧಿ ಬಿಡುವವರಲ್ಲಿ ಹೆಚ್ಚಿನವರು ಈ ನಡುವಿನ ಅವಧಿಯಲ್ಲಿ ಬಿಡುತ್ತಾರೆ. ನೋವು ಒಂದೆರಡು ವಾರಗಳಲ್ಲಿ ತುಸು ಇಳಿಯಬಹುದು. ಮನಸ್ಸು ಚೇತರಿಸಿಕೊಳ್ಳಲು 2ರಿಂದ 4 ವಾರ, ಪೂರ್ಣ ಪರಿಣಾಮಕ್ಕೆ 6ರಿಂದ 8 ವಾರ ಬೇಕು. ಸರಿಯಾದ ಪ್ರಮಾಣದಲ್ಲಿ ಅಷ್ಟು ದಿನ ನೋಡಿದ ಮೇಲೆಯೇ ಒಂದು ಔಷಧಿ ಹೊಂದಲಿಲ್ಲವೆನ್ನಬಹುದು. ಸಹಿಸಲಾಗದ ತೊಂದರೆ ಕಂಡರೆ ಮಾತ್ರ ಕಾಯದೆ ವೈದ್ಯರಿಗೆ ತಿಳಿಸಬೇಕು.

ಮೊದಲ ಔಷಧಿ ಹೊಂದದಿರುವುದು ಅಪರೂಪವೇನಲ್ಲ. ಅಮೆರಿಕದಲ್ಲಿ 4,000ಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿಕೊಂಡು ನಡೆದ ಸ್ಟಾರ್‌-ಡಿ ಅಧ್ಯಯನದ 2006ರ ವರದಿಯಂತೆ, ಮೊದಲ ಔಷಧಿಯಿಂದ ಖಿನ್ನತೆಯ ಲಕ್ಷಣಗಳು ಬಹುಪಾಲು ಮಾಯವಾದದ್ದು ಸುಮಾರು ಮೂರನೆಯ ಒಂದು ಭಾಗದ ರೋಗಿಗಳಲ್ಲಿ ಮಾತ್ರ. ನರಬೇನೆಯಲ್ಲಿ ಬ್ರಿಟನ್ನಿನ ಆಪ್ಶನ್-ಡಿಎಂ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಸಕ್ಕರೆ ಕಾಯಿಲೆಯ 130 ಮಂದಿಗೆ ಅಮಿಟ್ರಿಪ್ಟಿಲಿನ್, ಡುಲೊಕ್ಸಿಟಿನ್ ಅಥವಾ ಪ್ರೆಗಾಬಲಿನ್‌ನಿಂದ ಆರಂಭಿಸಿ, ಸಾಲದಿದ್ದರೆ ಇನ್ನೊಂದನ್ನು ಸೇರಿಸಲಾಯಿತು. ಯಾವುದರಿಂದ ಆರಂಭಿಸಿದರೂ 10ರಲ್ಲಿ ಸರಾಸರಿ 6.6 ಇದ್ದ ನೋವು 16 ವಾರಗಳಲ್ಲಿ 3.3ಕ್ಕೆ ಇಳಿಯಿತು. ಮೊದಲ ಮಾತ್ರೆ ಯಾವುದೆಂಬುದಕ್ಕಿಂತ ಕ್ರಮಬದ್ಧವಾಗಿ ಮುಂದುವರಿದದ್ದು ಅಲ್ಲಿ ಫಲ ಕೊಟ್ಟಿತು.

ಮನೆಯಲ್ಲಿ ಮಾಡಬಹುದಾದ ದೊಡ್ಡ ಕೆಲಸವೆಂದರೆ ಒಂದು ನೋಟುಪುಸ್ತಕ ಇಡುವುದು. ದಿನಾಂಕ, ಮಾತ್ರೆಯ ಮೂಲ ಹೆಸರು, ಪ್ರಮಾಣ, 0ಯಿಂದ 10ರೊಳಗೆ ನೋವಿನ ಅಂಕ, ಅದೇ ರೀತಿ ಮನಸ್ಸಿನ ಅಂಕ, ನಿದ್ರೆಯ ತಾಸು, ಹೊಸ ತೊಂದರೆ ಇಷ್ಟನ್ನು ಬರೆದರೆ ಸಾಕು. ನೋವು ಮತ್ತು ಮನಸ್ಸಿಗೆ ಬೇರೆ ಬೇರೆ ಅಂಕವಿರಬೇಕು. ಒಂದು ಇಳಿದು ಇನ್ನೊಂದು ಉಳಿದಿದೆಯೇ ಎಂಬುದು ಆಗ ಮಾತ್ರ ತಿಳಿಯುತ್ತದೆ. ವ್ಯಾಪಾರಿ ಹೆಸರುಗಳು ಅಂಗಡಿಯಿಂದ ಅಂಗಡಿಗೆ ಬದಲಾಗುವುದರಿಂದ ಮೂಲ ಹೆಸರೇ ಮುಖ್ಯ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದರೆ ಗುಣವಾಗಲಿ ತೊಂದರೆಯಾಗಲಿ ಯಾವುದರಿಂದ ಬಂತೆಂದು ಹೇಳಬಹುದು.

ಗುಣ ಕಂಡ ಮೇಲೂ ಖಿನ್ನತೆಯ ಔಷಧಿಯನ್ನು ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಮುಂದುವರಿಸಬೇಕು. ಇದ್ದಕ್ಕಿದ್ದಂತೆ ನಿಲ್ಲಿಸಿದರೆ ತಲೆಸುತ್ತು, ಕಳವಳ, ತಲೆಯೊಳಗೆ ವಿದ್ಯುತ್ ಹರಿದಂಥ ಅನುಭವ ಬರಬಹುದು. ವೆನ್ಲಾಫ್ಯಾಕ್ಸಿನ್‌ನಲ್ಲಿ ಇದು ಹೆಚ್ಚು. ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸುವುದೇ ಕ್ರಮ.

ಅಪಾಯದ ಸೂಚನೆಗಳು

ಎಳೆಯರಲ್ಲಿ, ಅದರಲ್ಲೂ 25ರೊಳಗಿನವರಲ್ಲಿ, ಚಿಕಿತ್ಸೆಯ ಮೊದಲ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂಬ ಎಚ್ಚರಿಕೆ ಈ ಔಷಧಿಗಳ ಮೇಲಿದೆ. ಯಾವ ವಯಸ್ಸಿನವರಾದರೂ ಸಾವಿನ ಮಾತು, ಅತಿಯಾದ ಚಡಪಡಿಕೆ, ನಿದ್ರೆಯಿಲ್ಲದ ಅತ್ಯುತ್ಸಾಹ ಕಂಡರೆ ಮನೆಯವರು ತಡಮಾಡಬಾರದು. ಮೂತ್ರ ಕಟ್ಟುವುದು, ಎದೆಬಡಿತ ತಪ್ಪುವುದು, ಮೂರ್ಛೆ, ಜ್ವರದೊಂದಿಗೆ ಚರ್ಮ ಗುಳ್ಳೆಯೇಳುವುದು, ಕಣ್ಣಿನಲ್ಲಿ ತೀವ್ರ ನೋವು ಕೂಡ ತುರ್ತು ಸೂಚನೆಗಳು. ಗರ್ಭಿಣಿಯರು ತಾವಾಗಿ ಔಷಧಿ ನಿಲ್ಲಿಸದೆ ವೈದ್ಯರೊಂದಿಗೆ ಚರ್ಚಿಸಬೇಕು. ತೋಟದಲ್ಲಿ ಬಳಸುವ ಕೀಟನಾಶಕವನ್ನು ಬೀಗ ಹಾಕಿಡುವುದು, ಮಾತ್ರೆಗಳನ್ನು ಮನೆಯ ಇನ್ನೊಬ್ಬರ ವಶದಲ್ಲಿಡುವುದು ಜೀವ ಉಳಿಸುವ ಸರಳ ಕ್ರಮಗಳು.

ದೂರದ ಊರಿನ ದಾರಿ

ಮರುಭೇಟಿ ಪ್ರತಿಸಲವೂ ನಗರದಲ್ಲಿಯೇ ಆಗಬೇಕಾಗಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ತರಬೇತಿ ಪಡೆದು ಮಾನಸಿಕ ಕಾಯಿಲೆಗೆ ಚಿಕಿತ್ಸೆ ನೀಡಬಲ್ಲರೆಂಬುದನ್ನು ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತು. 1996ರಲ್ಲಿ ದೇಶಕ್ಕೆ ವಿಸ್ತರಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ರಾಜ್ಯದಲ್ಲಿ 2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರನ್ನು ತರುವ ಉದ್ದೇಶದ್ದು. ಹೊರಡುವ ಮುನ್ನ ತಾಲೂಕು ಆಸ್ಪತ್ರೆಗೆ ಕರೆ ಮಾಡಿ ಆ ವಾರದ ಭೇಟಿಯನ್ನು ಖಚಿತಪಡಿಸಿಕೊಳ್ಳುವುದು ಲೇಸು.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ದಿನದ 24 ತಾಸೂ ಉಚಿತವಾಗಿ ಮಾತನಾಡಬಹುದು. ಮಾನಸಿಕ ಆರೋಗ್ಯ ಪಾಲನಾ ಕಾಯಿದೆ 2017, ಸರಕಾರಿ ಸೇವೆಯಲ್ಲಿ ಮನೋಚಿಕಿತ್ಸೆ ಪಡೆಯುವುದನ್ನು ಹಕ್ಕಾಗಿಸಿದೆ. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದಕ್ಕಿಂತ ಮೇಲಿನ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯಬೇಕೆಂದೂ ಅದು ಹೇಳುತ್ತದೆ. ಹೊರಗೆ ಕೊಳ್ಳುವವರಿಗೆ ಜನೌಷಧಿ ಮಳಿಗೆಗಳಲ್ಲಿ ಬೆಲೆ ಕಡಿಮೆ.

ನರ ಮತ್ತು ಮನಸ್ಸು ಎರಡನ್ನೂ ಒಂದೇ ಆವರಣದಲ್ಲಿ ನೋಡಬಲ್ಲ ಸಂಸ್ಥೆ ಈ ಸೀಮೆಗೆ ಹತ್ತಿರದಲ್ಲೆಂದರೆ ಧಾರವಾಡದ ಡಿಮ್ಹಾನ್ಸ್. ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದೇ ಬಲ್ಲ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಉತ್ತರ ಕನ್ನಡಕ್ಕೊಂದು ಸುಸಜ್ಜಿತ ಬಹುವಿಶೇಷ ಆಸ್ಪತ್ರೆ ಬೇಕೆಂದು 2022ರಲ್ಲಿ ಜಿಲ್ಲೆಯ ಜನ ದೊಡ್ಡ ದನಿಯೆತ್ತಿದ್ದರು. ಮೊದಲ ರೋಗನಿರ್ಣಯ ದೊಡ್ಡ ಆಸ್ಪತ್ರೆಯಲ್ಲಾಗಿ, ಅಲ್ಲಿಂದ ಊರಿನ ವೈದ್ಯರಿಗೆ ಲಿಖಿತ ಸೂಚನೆ ಬಂದರೆ ನಡುವಿನ ಭೇಟಿಗಳು ಹತ್ತಿರದಲ್ಲಿಯೇ ನಡೆಯಬಹುದು. ಚೀಟಿಯಲ್ಲಿ ಮುಂದಿನ ಪ್ರಮಾಣ, ಯಾವಾಗ ಏರಿಸಬೇಕು, ಯಾವುದು ಕಂಡರೆ ನಿಲ್ಲಿಸಬೇಕು ಎಂಬ ಮೂರನ್ನು ಕೇಳಿ ಬರೆಸಿಕೊಳ್ಳಬೇಕು.

ಮಳೆಗಾಲದ ಲೆಕ್ಕ ಬೇರೆಯೇ. 2021ರ ಜುಲೈ ಮಳೆಗೆ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಭೂಕುಸಿತವಾಯಿತು, ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು, ಅರಬೈಲ್ ಘಟ್ಟದ ಹೆದ್ದಾರಿ ಕಡಿಯಿತು. ಇಂಥ ದಿನಗಳಲ್ಲಿ ಮಾತ್ರೆ ತಪ್ಪದಿರಲು ಜೂನ್‌ಗೆ ಮೊದಲೇ ವೈದ್ಯರೊಂದಿಗೆ ಮಾತನಾಡಿ ಹೆಚ್ಚುವರಿ ದಾಸ್ತಾನು ಇಟ್ಟುಕೊಳ್ಳಬೇಕು. ಆತ್ಮಹತ್ಯೆಯ ಅಪಾಯ ಇರುವವರಲ್ಲಿ ಆ ದಾಸ್ತಾನು ಮನೆಯವರ ಬಳಿಯೇ ಇರತಕ್ಕದ್ದು.

ಮಾತ್ರೆಯ ಆಚೆ

ಔಷಧಿಯಿಂದ ನರಬೇನೆ ಪೂರ್ತಿ ಹೋಗುವುದು ಅಪರೂಪ. ನೋವು ಅರ್ಧಕ್ಕಿಳಿದು, ರಾತ್ರಿ ನಿದ್ರೆ ಬಂದು, ನಿಂತಿದ್ದ ಕೆಲಸ ಸ್ವಲ್ಪವಾದರೂ ಆರಂಭವಾದರೆ ಅದನ್ನು ಯಶಸ್ಸೆಂದೇ ಎಣಿಸಬೇಕು. ಸಕ್ಕರೆಯ ಹತೋಟಿ, ನಿತ್ಯದ ನಡಿಗೆ, ಯೋಚನೆಯ ಜಾಡನ್ನು ತಿದ್ದುವ ಆಪ್ತಸಮಾಲೋಚನೆ ಮಾತ್ರೆಯ ಕೆಲಸಕ್ಕೆ ಬಲ ಕೊಡುತ್ತವೆ. ಮರಗಟ್ಟಿದ ಪಾದಕ್ಕೆ ಉಂಬಳ ಕಚ್ಚಿದ್ದೂ ಮುಳ್ಳು ಹೊಕ್ಕಿದ್ದೂ ತಿಳಿಯದು. ತೋಟಕ್ಕೆ ಬರಿಗಾಲಲ್ಲಿ ಇಳಿಯದೆ, ಪ್ರತಿ ಸಂಜೆ ಬೆಳಕಿನಲ್ಲಿ ಪಾದ ನೋಡಿಕೊಳ್ಳುವುದು ಅಗತ್ಯ.

ನಿಮ್ಹಾನ್ಸ್ ನೇತೃತ್ವದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಸುಮಾರು 20ಕ್ಕೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿರುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ತಲುಪಿಲ್ಲ. ಚಿಕಿತ್ಸೆ ತಲುಪಿದವರು ಎರಡನೆಯ ಭೇಟಿಯನ್ನು ತಪ್ಪಿಸದಿದ್ದರೆ ಹುಡುಕಾಟದ ಅರ್ಧ ದಾರಿ ಮುಗಿದಂತೆ. ಮೊದಲ ಮಾತ್ರೆ ಹೊಂದಲಿಲ್ಲವೆಂಬುದು ಆ ಭೇಟಿಯಲ್ಲಿ ವೈದ್ಯರಿಗೆ ಹೇಳಬೇಕಾದ ಮೊದಲ ಮಾತು, ಭೇಟಿ ಬಿಡಲು ಕಾರಣವಲ್ಲ.